ಇಲ್ಲಿಯ ಹೊಟ್ಟೆಗೂ ಅಲ್ಲಿಯ ಗೂಡಿಗೂ ಏನು ನಂಟು?

ಲಕ್ಷ್ಮೇಶ್ವರದ ಓದುಗರೊಬ್ಬರು ಕೇಳಿದ್ದಾರೆ: ‘ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲಕ್ಕಿಳಿದರೆ ಜನ ಓಡಿಸುತ್ತಾರೆ. ಅವು ಮೊಟ್ಟೆ ಇಡುವುದು ದೂರದ ಮಂಗೋಲಿಯಾ ಕಡೆ ಅಲ್ವಾ? ಇಲ್ಲಿ ಹೊಟ್ಟೆಗೆ ಕಡಿಮೆಯಾದರೆ ಅಲ್ಲಿಯ ಗೂಡಿಗೆ ಏನಾದರೂ ಆಗುತ್ತಾ?’

ಆಗುತ್ತದೆ. ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಆಗುತ್ತದೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಸುಮಾರು ಎಂಟು ಗ್ರಾಂ ತೂಗುವ ಒಂದು ಪುಟಾಣಿ ಹಕ್ಕಿ, ಅಮೆರಿಕನ್ ರೆಡ್‌ಸ್ಟಾರ್ಟ್. ಗೂಡು ಕಟ್ಟುವುದು ಕೆನಡಾ, ಅಮೆರಿಕದ ಕಾಡುಗಳಲ್ಲಿ. ಚಳಿಗಾಲಕ್ಕೆ ಜಮೈಕಾಗೆ ಬರುವವೂ ಇವೆ. ಅಲ್ಲಿ ಜಾಗಕ್ಕಾಗಿ ಜಗಳ. ಬಲಿತ ಗಂಡುಗಳು ನೀರಿರುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಹಿಡಿದು ಕೂರುತ್ತವೆ. ಹೆಣ್ಣುಗಳು, ಎಳೆಯ ಗಂಡುಗಳು ಹೆಚ್ಚಾಗಿ ಒಣ ಕುರುಚಲಿಗೆ ಸರಿಯಬೇಕು. ಮಳೆ ನಿಂತ ತಿಂಗಳುಗಳಲ್ಲಿ ಕುರುಚಲಿನಲ್ಲಿ ಹುಳು ಕಡಿಮೆ. ಹಕ್ಕಿ ಸೊರಗುತ್ತದೆ.

ಕೆನಡಾದಲ್ಲಿ ಕೈಗೆ ಸಿಕ್ಕ ಹಕ್ಕಿ ಚಳಿಗಾಲ ಎಂಥ ಜಾಗದಲ್ಲಿ ಕಳೆದಿತ್ತು ಅಂತ ತಿಳಿಯುವುದು ಹೇಗೆ? ಒಂದು ಹನಿ ರಕ್ತ ಸಾಕು. ಒಣ ಜಾಗದ ಗಿಡಗಳಲ್ಲಿ ಕಾರ್ಬನ್-13, ಅಂದರೆ ಇಂಗಾಲದ ತುಸು ಭಾರದ ರೂಪ, ಸ್ವಲ್ಪ ಜಾಸ್ತಿ. ಗಿಡದಿಂದ ಹುಳಕ್ಕೆ, ಹುಳದಿಂದ ಹಕ್ಕಿಗೆ ಬಂದ ಆ ಗುರುತು ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. 1998ರಲ್ಲಿ ಪಕ್ಷಿ ವಿಜ್ಞಾನಿ ಪೀಟರ್ ಮಾರಾ ಮತ್ತು ಜೊತೆಗಾರರು ಈ ಗುರುತನ್ನೇ ಹಿಡಿದು ನೋಡಿದಾಗ, ತೇವದ ಜಾಗದವು ಗೂಡು ಕಟ್ಟುವ ಊರನ್ನು ಮೊದಲು ಮುಟ್ಟಿದ್ದು ಕಂಡಿತು. 2004ರಲ್ಲಿ ರಯಾನ್ ನಾರಿಸ್ ತಂಡ ಗೂಡಿನ ಲೆಕ್ಕ ಕೊಟ್ಟಿತು: ಒಳ್ಳೆಯ ಜಾಗದಿಂದ ಬಂದ ಹೆಣ್ಣಿಗೆ ಎರಡಕ್ಕಿಂತ ಹೆಚ್ಚು ಮರಿ ಜಾಸ್ತಿ, ಅವು ಒಂದು ತಿಂಗಳವರೆಗೂ ಮುಂಚೆ ಗೂಡು ಬಿಡಬಹುದು. ವರ್ಷಕ್ಕೆ ಮೂರೋ ನಾಲ್ಕೋ ಮರಿ ಮಾಡುವ ಹಕ್ಕಿ ಇದು!

‘ಬಲವಾದ ಹಕ್ಕಿಗೇ ಒಳ್ಳೆಯ ಜಾಗ ಸಿಕ್ಕಿರುತ್ತದೆ, ಜಾಗದ್ದೇನು?’ ಅಂತ ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತ್ತು. ಅದನ್ನು ಪರೀಕ್ಷಿಸಲು ಕಾಲಿನ್ ಸ್ಟಡ್ಸ್ ಮತ್ತು ಮಾರಾ ಕಾಂಡ್ಲಾದ ಯಜಮಾನ ಹಕ್ಕಿಗಳನ್ನು ಅಲ್ಲಿಂದ ತೆಗೆದುಬಿಟ್ಟರು. ಪಕ್ಕದ ಕುರುಚಲಿನ ಹೆಣ್ಣುಗಳು, ಎಳೆಯ ಗಂಡುಗಳು ಬಂದು ಸೇರಿಕೊಂಡವು. ಅವು ಸೊರಗಲಿಲ್ಲ. ಕುರುಚಲಿನಲ್ಲೇ ಉಳಿದವುಗಳಿಗಿಂತ ಬೇಗ ಹೊರಟವು. ಹೊರಡುವ ಹೊತ್ತಾಯಿತು ಎಂದು ಹಕ್ಕಿಗೆ ತಿಳಿಸುವ ಹಗಲಿನ ಉದ್ದ ಎರಡೂ ಗುಂಪಿಗೆ ಒಂದೇ ಥರ. ಬೇರೆಯಾಗಿದ್ದು ಊಟ.

ಹೆಬ್ಬಾತಿನ ವಿಷಯಕ್ಕೆ ಬರೋಣ. ಗೂಡು ಕಟ್ಟಲು ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹೋಗುವ ಗುಲಾಬಿಗಾಲಿನ ಹೆಬ್ಬಾತುಗಳು ದಾರಿಯಲ್ಲಿ ನಾರ್ವೆಯ ಹೊಲಗಳಲ್ಲಿ ಇಳಿಯುತ್ತವೆ. ರೈತರು ಓಡಿಸಿದ ಕಡೆ ಅವುಗಳ ಮೈಗೆ ಕೊಬ್ಬು ಸರಿಯಾಗಿ ಕೂಡಲಿಲ್ಲ. ಮರಿಗಳ ಜೊತೆ ವಾಪಸಾದವೂ ಕಡಿಮೆ. ಹಾಗಂತ ನಿಮ್ಮೂರಿನ ರೈತರನ್ನು ದೂರುವುದು ಸರಿಯಲ್ಲ. ಬೆಳೆ ಹೋದವರಿಗೆ ಪರಿಹಾರ ಸಿಗಬೇಕು, ಅದೂ ಅದೇ ಹಂಗಾಮಿನಲ್ಲಿ.

ಒಂದು ಕೆಲಸ ಮಾಡುತ್ತೀರಾ? ಈ ಸಲ ಕೊನೆಯ ಹಿಂಡು ಕೆರೆ ಬಿಟ್ಟ ದಿನ, ಆಗ ಕೆರೆಯಲ್ಲಿದ್ದ ನೀರು, ಎರಡನ್ನೂ ಬರೆದಿಟ್ಟು ನಮಗೆ ಕಳಿಸಿ.

– ಸಂಪಾದಕ