ಫೋಟೋ ನೋಡಿ ಸ್ಟಿಲ್ ಲೈಫ್ ಬರೆದರೆ ಏನು ತಪ್ಪು? ಮಡಕೆ, ಹಣ್ಣು ಬರೆಯುವುದರಲ್ಲಿ ಅಂಥದ್ದೇನಿದೆ?

ಬಿವಿಎ (ಚಿತ್ರಕಲೆಯ ಡಿಗ್ರಿ) ಮೊದಲ ವರ್ಷ, ಸ್ಟಿಲ್ ಲೈಫ್ ಅಂದರೆ ಎದುರಿಗಿಟ್ಟ ಸಾಮಾನಿನ ಚಿತ್ರ, ಅದಕ್ಕಾಗಿ ಕೆಟಲ್ಲು, ಮಡಕೆ, ಪ್ಲಾಸ್ಟಿಕ್ ಸೇಬು ನೋಡಿ ಸಾಕಾಗಿದೆ, ಫೋಟೋ ತೆಗೆದುಕೊಂಡು ರೂಮಲ್ಲಿ ಬರೆದು ಮುಗಿಸಿ ಬೇಗ ಪೋರ್ಟ್ರೇಟಿಗೆ (ಮನುಷ್ಯರ ಮುಖದ ಚಿತ್ರಕ್ಕೆ) ಹೋಗಲಾ ಅಂತ ಕೇಳಿದ್ದೀರಿ. ಜೊತೆಗೆ, ನಾನೂರು ವರ್ಷದಿಂದ ಜನ ಇದನ್ನೇ ಯಾಕೆ ಬರೆಯುತ್ತಾ ಕೂತಿದ್ದಾರೆ ಅಂತಲೂ. ಇದು ನಾನೇ ಹಾಕಿದ ಪ್ರಶ್ನೆಯಾ ಅಂತ ಒಂದು ಕ್ಷಣ ಅನುಮಾನ ಬಂತು. ನಾನು ಫೋಟೋ ನೋಡಿಯೇ ಬರೆಯುತ್ತಿದ್ದವನು. ಅದರಿಂದ ಏನಾಯ್ತು ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ನಮ್ಮ ಕಾಲೇಜಿನಲ್ಲೂ ಕೆಂಪು ಬಟ್ಟೆ ಹರಡಿ ಅದರ ಮೇಲೆ ಸೊಟ್ಟಗಾದ ಅಲ್ಯುಮಿನಿಯಂ ಕೆಟಲ್ ಇಡುತ್ತಿದ್ದರು. ಪಕ್ಕದಲ್ಲಿ ಒಂದು ಬಾಟಲಿ, ಯಾರೋ ತಮಾಷೆಗೆ ಕಚ್ಚಿ ಹಲ್ಲಿನ ಗುರುತು ಬಿಟ್ಟಿದ್ದ ಪ್ಲಾಸ್ಟಿಕ್ ಸೇಬು. ಸೀನಿಯರ್‌ಗಳ ಹಳೇ ಶೀಟ್ ತೆಗೆದು ನೋಡಿದರೆ ಅದರಲ್ಲೂ ಅದೇ ಕೆಟಲ್. ಬೋರಾಗದೆ ಇನ್ನೇನಾಗುತ್ತೆ? ಆ ಮಟ್ಟಿಗೆ ನೀವು ಹೇಳುವುದು ಸರಿ. ನಾನು ಮೊಬೈಲಲ್ಲಿ ಫೋಟೋ ಹೊಡೆದುಕೊಂಡು ಹಾಸ್ಟೆಲ್‌ಗೆ ಹೋಗಿ, ಹಾಡು ಕೇಳುತ್ತಾ ಮುಗಿಸಿಬಿಡುತ್ತಿದ್ದೆ. ಮಾರ್ಕ್ಸೂ ಚೆನ್ನಾಗೇ ಬರುತ್ತಿತ್ತು. ಬರಬಾರದಿತ್ತು.

ಕಾಲೇಜು ಮುಗಿಸಿ ಬೆಂಗಳೂರಲ್ಲಿ ಸಿಕ್ಕಿದ ಕೆಲಸ ಮಾಡಿಕೊಂಡಿದ್ದೆ. ಪರಿಚಯದವರ ಮೂಲಕ ಒಂದು ಆರ್ಡರ್ ಬಂತು. ಶಿರಸಿ ಹತ್ತಿರದ ಅಡಿಕೆ ತೋಟದ ಮನೆ. ಅಣ್ಣತಮ್ಮಂದಿರ ಹಿಸ್ಸೆ ಆಗುವುದಿತ್ತು, ಹಳೇ ಮನೆ ಕೆಡವುವವರಿದ್ದರು. ಅಮ್ಮನ ಅಡುಗೆಮನೆಯ ಸಾಮಾನೆಲ್ಲ ಹಂಚಿಹೋಗುವ ಮೊದಲು ಅವನ್ನು ಪೇಂಟಿಂಗ್ ಮಾಡಿಸಿ, ಒಬ್ಬೊಬ್ಬರ ಮನೆಗೂ ಒಂದೊಂದು ಕೊಡಬೇಕು ಅನ್ನುವುದು ದೊಡ್ಡ ಮಗನ ಆಸೆ. ತಾಮ್ರದ ಕೊಡಪಾನ, ಹಿತ್ತಾಳೆ ತಂಬಿಗೆ, ಉಪ್ಪಿನಕಾಯಿ ಭರಣಿ, ಕವಳದ (ಎಲೆ ಅಡಿಕೆಯ) ತಟ್ಟೆ, ಅಡಕತ್ತರಿ. ಅಡ್ವಾನ್ಸ್ ಕೂಡ ಕೊಟ್ಟರು.

ಹೋದ ಕೂಡಲೇ ಆಸರಿಗೆ (ಕುಡಿಯಲು) ಕೊಟ್ಟರು, ಕವಳ ಮುಂದಿಟ್ಟರು. ಆ ಅಮ್ಮನನ್ನು ಮನೆಯಲ್ಲಿ ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಯಿ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಇಟ್ಟಿದ್ದರು. "ನಾಲ್ಕು ದಿನ ಇದ್ದು ಬರೆದುಕೊಂಡು ಹೋಗು ತಮಾ, ಊಟಕ್ಕೆ ಏನೂ ತೊಂದರೆ ಇಲ್ಲ" ಅಂದರು. ನಾನು ಬುದ್ಧಿವಂತ ಅಲ್ವಾ! "ಬೇಡ ಆಯಿ, ಫೋಟೋ ಸಾಕು" ಅಂದೆ. ಒಂದೊಂದನ್ನೂ ಜಗಲಿಯ ಮೇಲಿಟ್ಟು ಫೋಟೋ ಹೊಡೆದೆ. ಬಾಳೆಲೆ ಊಟ ಮುಗಿಸಿ ಬಸ್ಸು ಹತ್ತಿದೆ.

ಬೆಂಗಳೂರಲ್ಲಿ ಆರಾಮಾಗಿ ಕೂತು ಬರೆದೆ. ಒಳ್ಳೇ ಕ್ಯಾನ್ವಾಸ್, ಒಳ್ಳೇ ಆಯಿಲ್ ಕಲರ್. ನೋಡಿದ ಫ್ರೆಂಡ್ಸ್ ಎಲ್ಲ ಫೋಟೋ ಥರಾನೇ ಇದೆ ಅಂದರು. ನಾನು ಉಬ್ಬಿಹೋದೆ. ತೆಗೆದುಕೊಂಡು ಹೋಗಿ ಜಗಲಿಯ ಗೋಡೆಗೆ ಒರಗಿಸಿದೆ. ಆಯಿ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. ತುಂಬಾ ಹೊತ್ತು ನೋಡಿದರು. "ಇದು ನಮ್ಮನೆ ತಂಬಿಗೆ ಅಲ್ಲ ತಮಾ. ಅಂಗಡಿದು" ಅಂದರು.

ಬೈಯಲಿಲ್ಲ. ಜಾಸ್ತಿ ಏನೂ ಹೇಳಲಿಲ್ಲ. ದೊಡ್ಡ ಮಗ ಸಮಾಧಾನ ಮಾಡಲು ನೋಡಿದರು, ಆದರೆ ಅವರ ಮುಖದಲ್ಲೂ ಅದೇ ಇತ್ತು. ಸರಿ, ಮತ್ತೆ ಇಲ್ಲೇ ಕೂತು ಬರೆದುಕೊಡುತ್ತೇನೆ ಅಂದೆ. ಅಷ್ಟರಲ್ಲಿ ಹಿಸ್ಸೆ ಮುಗಿದಿತ್ತು. ಕೊಡಪಾನ ತೂಕಕ್ಕೆ ಹಾಕಿ ಗುಜರಿಗೆ ಹೋಗಿತ್ತು. ತಂಬಿಗೆ ದೂರದ ಊರಿನ ಮಗಳ ಮನೆ ಸೇರಿತ್ತು. ಅಡ್ವಾನ್ಸ್ ವಾಪಸ್ ಕೊಟ್ಟೆ. ಅವರ ನೆಂಟರ ಮನೆಗಳಿಂದ ಬರಬೇಕಿದ್ದ ಕೆಲಸವೂ ಅಲ್ಲಿಗೇ ನಿಂತುಹೋಯಿತು. ದುಡ್ಡು ಹೋಗಲಿ ಬಿಡಿ. ಆ ಸಾಮಾನು ಮತ್ತೆ ಒಟ್ಟಿಗೆ ಒಂದು ಕಡೆ ಸಿಗುವುದಿಲ್ಲ.

ಇನ್ನು ತಪ್ಪು ಎಲ್ಲಾಯ್ತು ಅನ್ನುವುದು. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಅರ್ಥ ಆಗಲು ಬಹಳ ಸಮಯ ಹಿಡಿಯಿತು.

ಮೊದಲನೆಯದು ಲೆನ್ಸು. ಮೊಬೈಲಿನ ಮುಖ್ಯ ಕ್ಯಾಮೆರಾ ವೈಡ್ ಆಂಗಲ್. ಹತ್ತಿರ ಹೋಗಿ ಮೇಲಿಂದ ಫೋಟೋ ತೆಗೆದರೆ ತಂಬಿಗೆಯ ಬಾಯಿ ದೊಡ್ಡದಾಗಿ, ಬುಡ ಸಣ್ಣದಾಗಿ ಬರುತ್ತೆ. ನಾನು ಅದನ್ನೇ ಟ್ರೇಸ್ ಮಾಡಿದ ಹಾಗೆ ಬರೆದಿದ್ದೆ. ದಿನಾ ಆ ತಂಬಿಗೆಯಲ್ಲಿ ನೀರು ತುಂಬಿದ ಕೈಗೆ ಅದರ ಬುಡ ಎಷ್ಟು ಅಗಲ ಅಂತ ಗೊತ್ತಿರುತ್ತೆ. ಆಮೇಲೆ ಬೆಳಕು. ಕ್ಯಾಮೆರಾ ತನ್ನ ಪಾಡಿಗೆ ತಾನು ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಏರಿಸುತ್ತೆ, ವೈಟ್ ಬ್ಯಾಲೆನ್ಸ್ (ಬಣ್ಣಗಳ ಹದ) ಬದಲಿಸುತ್ತೆ. ಹೈಲೈಟ್, ಅಂದರೆ ಜಾಸ್ತಿ ಹೊಳೆಯುವ ಜಾಗ, ಬರೀ ಬಿಳಿ ಕಲೆ ಆಗುತ್ತೆ, ಅದರೊಳಗೆ ಬಣ್ಣ ಇರುವುದಿಲ್ಲ. ಮೂರನೆಯದು, ಕ್ಯಾಮೆರಾಗೆ ಇರುವುದು ಒಂದೇ ಕಣ್ಣು. ನಾವು ಎರಡು ಕಣ್ಣಲ್ಲಿ ನೋಡುತ್ತೇವೆ, ಕತ್ತು ಆಡಿಸುತ್ತೇವೆ, ಪಾತ್ರೆಯ ಆ ಪಕ್ಕ ಈ ಪಕ್ಕ ಎರಡೂ ಚೂರು ಚೂರು ಕಾಣುತ್ತವೆ.

ಆದರೆ ಇವೆಲ್ಲ ಸಣ್ಣವು. ಅಭ್ಯಾಸ ಇರುವವರು ಸರಿ ಮಾಡಿಕೊಳ್ಳುತ್ತಾರೆ. ನನ್ನ ಚಿತ್ರವನ್ನು ಕೊಂದದ್ದು ಬೇರೆ.

ಫೋಟೋದಲ್ಲಿ ತಂಬಿಗೆಯ ಹೊಟ್ಟೆಯ ನಟ್ಟನಡುವೆ ನಾನಿದ್ದೆ. ಮೊಬೈಲ್ ಎತ್ತಿ ಹಿಡಿದು, ಎರಡೂ ಮೊಣಕೈ ಅಗಲ ಮಾಡಿ ನಿಂತಿದ್ದ ಒಂದು ಕಪ್ಪು ಆಕೃತಿ. ಹಿತ್ತಾಳೆ ತಿಕ್ಕಿದ್ದರಲ್ಲ, ಕನ್ನಡಿಯಷ್ಟೇ ಸ್ವಚ್ಛ. ನನ್ನ ಸುತ್ತ ಜಗಲಿಯ ಕಂಬಗಳು ಬಿಲ್ಲಿನಂತೆ ಬಾಗಿದ್ದವು, ಅಂಗಳದಲ್ಲಿ ಒಣಹಾಕಿದ ಅಡಿಕೆ ಒಂದು ಕಂದು ಪಟ್ಟಿ, ತೋಟದ ಹಸಿರು ಒಂದು ಗೆರೆ, ಕೆಳಗೆ ಕೆಂಪು ಗಾರೆ ನೆಲದ ಬಣ್ಣ ಬುಡಕ್ಕೆ ಹತ್ತಿಕೊಂಡಿತ್ತು. ಬರೆಯುವಾಗ ನಾನು ಏನು ಮಾಡಿದೆ ಗೊತ್ತಾ? ಚಿತ್ರದಲ್ಲಿ ಮೊಬೈಲ್ ಹಿಡಿದವನು ಯಾಕೆ ಅಂತ ನನ್ನನ್ನು ಅಳಿಸಿದೆ. ನನ್ನ ಜೊತೆಗೆ ಸುತ್ತ ಇದ್ದದ್ದೂ ಹೋಯ್ತು, ಝೂಮ್ ಮಾಡಿದರೆ ಅದು ಸ್ಪಷ್ಟ ಇರಲಿಲ್ಲ. ಆ ಜಾಗಕ್ಕೆ ಯೆಲ್ಲೋ ಓಕರ್‌ನಿಂದ ಬರ್ಂಟ್ ಅಂಬರ್‌ವರೆಗೆ, ಮಣ್ಣಿನ ಹಳದಿಯಿಂದ ಕಡುಕಂದಿನವರೆಗೆ, ನುಣ್ಣಗೆ ಶೇಡ್ ಎಳೆದು, ಮೇಲೊಂದು ಬಿಳಿ ಚುಕ್ಕೆ ಇಟ್ಟೆ. ಹೊಳೆಯುವ ಹಿತ್ತಾಳೆಗೆ ಅದರದ್ದೇ ಬಣ್ಣ ಅಂತ ಇರುವುದು ಬಹಳ ಕಮ್ಮಿ. ಅದು ಇಟ್ಟ ಜಾಗದ ಬಣ್ಣವನ್ನು ಹಳದಿ ಮಾಡಿ ತೋರಿಸುತ್ತೆ, ಅಷ್ಟೇ. ನಾನು ಮನೆಯನ್ನು ತೆಗೆದು ತಂಬಿಗೆಯನ್ನು ಮಾತ್ರ ಇಟ್ಟಿದ್ದೆ. ಆಯಿ ಅಂಗಡಿದು ಅಂದದ್ದು ಅಕ್ಷರಶಃ ಸರಿ.

ನಾಲ್ಕು ದಿನ ಅಲ್ಲಿ ಕೂತಿದ್ದರೆ? ನನ್ನ ನೆರಳು ಎಲ್ಲಿ ಬೀಳುತ್ತೆ, ಎಷ್ಟು ಸರಿದರೆ ಕಂಬ ಕಾಣುತ್ತೆ, ಬೆಳಗಿನ ಬೆಳಕು ಬೇಕಾ ಮಧ್ಯಾಹ್ನದ್ದು ಬೇಕಾ, ಇದೆಲ್ಲ ನಾನು ತೀರ್ಮಾನ ಮಾಡಬೇಕಿತ್ತು. ಫೋಟೋ ಆ ತೀರ್ಮಾನಗಳನ್ನು ನನ್ನ ಪರವಾಗಿ ಮಾಡಿ ಮುಗಿಸಿತ್ತು. ಅವು ಯಾವುದೂ ನನ್ನದಾಗಿರಲಿಲ್ಲ.

ಕ್ಲಾರಾ ಪೀಟರ್ಸ್ ಹೆಸರು ಆಮೇಲೆ ಗೊತ್ತಾಯ್ತು. ಇವತ್ತಿನ ಬೆಲ್ಜಿಯಂ ಇರುವ ಕಡೆಯ ಚಿತ್ರಕಾರ್ತಿ. 1612ರ ಆಕೆಯ ಒಂದು ಸ್ಟಿಲ್ ಲೈಫ್ ಜರ್ಮನಿಯ ಕಾರ್ಲ್ಸ್‌ರೂಹೆಯ ಮ್ಯೂಸಿಯಂನಲ್ಲಿದೆ. ಹೂವು, ಚಿಪ್ಪು, ಮುಚ್ಚಳ ಇರುವ ಚಿನ್ನದ ಬಣ್ಣದ ಎತ್ತರದ ಪಾತ್ರೆ. ಆ ಪಾತ್ರೆಯ ಮೇಲಿನ ಉಬ್ಬುಗಳಲ್ಲಿ ಆಕೆ ತನ್ನನ್ನೇ ಪುಟ್ಟ ಪುಟ್ಟದಾಗಿ ಬರೆದುಕೊಂಡಿದ್ದಾಳೆ, ಒಂದಲ್ಲ, ಹಲವು ಸಲ. ಹತ್ತಿರ ಹೋಗದಿದ್ದರೆ ಕಾಣುವುದೇ ಇಲ್ಲ. ನಾನು ಅಳಿಸಿದ್ದನ್ನು ಆಕೆ ಬೇಕು ಅಂತಲೇ ಇಟ್ಟಿದ್ದಳು. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ಮೊತ್ತಮೊದಲ ಸಲ ಒಬ್ಬ ಹೆಣ್ಣು ಕಲಾವಿದೆಗೇ ಅಂತ ಪ್ರದರ್ಶನ ಮಾಡಿದ್ದು ಈಕೆಯದ್ದು, 2016ರಲ್ಲಿ.

ಇದಕ್ಕೆ ಪೂರ್ತಿ ಉಲ್ಟಾ ಮೊರಾಂಡಿ ಅನ್ನುವ ಚಿತ್ರಕಾರ. ಇಟಲಿಯ ಬೊಲೋನ್ಯ ಊರಿನವನು, 1890ರಿಂದ 1964ರವರೆಗೆ ಬದುಕಿದ್ದ. ಅಕ್ಕತಂಗಿಯರ ಜೊತೆಗಿದ್ದ ಮನೆಯ ಒಂದು ಕೋಣೆಯೇ ಅವನಿಗೆ ಸ್ಟುಡಿಯೋ. ಅವೇ ಬಾಟಲಿ, ಅವೇ ಡಬ್ಬಿಗಳನ್ನು ವರ್ಷಗಟ್ಟಲೆ ಬರೆದ. ಹೊಳಪು ಬೇಡ ಅನಿಸಿದರೆ ಬಾಟಲಿಗೇ ಬಣ್ಣ ಬಳಿದುಬಿಡುತ್ತಿದ್ದ. ಧೂಳು ಕೂತರೆ ಹಾಗೇ ಬಿಡುತ್ತಿದ್ದ. ಯಾವ ಡಬ್ಬಿ ಎಲ್ಲಿ ನಿಲ್ಲಬೇಕು ಅಂತ ಮೇಜಿನ ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದ. ಅವನೂ ಪ್ರತಿಬಿಂಬ ಅಳಿಸಿದ, ನಾನೂ ಅಳಿಸಿದೆ. ಆದರೆ ಅವನು ನೋಡಿ ನೋಡಿ, ಬೇಡ ಅಂತ ತೀರ್ಮಾನಿಸಿ ಅಳಿಸಿದ. ನಾನು ಕಾಣಲಿಲ್ಲ ಅಂತ ಅಳಿಸಿದೆ.

ಜನ ಯಾಕೆ ಇದನ್ನು ಬಿಡುತ್ತಿಲ್ಲ ಅನ್ನುವುದಕ್ಕೆ ನನ್ನ ಉತ್ತರ ಇದೇ. ಬೇರೆ ಯಾವ ಚಿತ್ರದಲ್ಲೂ ಬರೆಯುವವನಿಗೆ ಇಷ್ಟು ಯಜಮಾನಿಕೆ ಇಲ್ಲ. ಬೆಟ್ಟವನ್ನು ಸರಿಸಲು ಆಗಲ್ಲ, ಮಾಡೆಲ್‌ಗೆ ಮೂಗು ತುರಿಸುತ್ತೆ. ನಿಂಬೆಹಣ್ಣನ್ನು ಅರ್ಧ ಇಂಚು ಎಡಕ್ಕೆ ಸರಿಸಬಹುದು. ಫ್ರಾನ್ಸಿನ ಚಿತ್ರಕಾರ ಸೆಜಾನ್ ಹಣ್ಣುಗಳ ಕೆಳಗೆ ನಾಣ್ಯ ಇಟ್ಟು ತನಗೆ ಬೇಕಾದಷ್ಟು ವಾಲಿಸುತ್ತಿದ್ದ ಅಂತ ನೋಡಿದವರು ಹೇಳಿದ್ದಾರೆ. ಶಿಕಾಗೋದಲ್ಲಿರುವ ಅವನ ಸೇಬಿನ ಬುಟ್ಟಿಯ ಚಿತ್ರ, ಸುಮಾರು 1893ರದ್ದು, ತೆಗೆದು ನೋಡಿ. ಮೇಜಿನ ಅಂಚು ಬಟ್ಟೆಯ ಎಡಕ್ಕೆ ಒಂದು ಎತ್ತರದಲ್ಲಿದೆ, ಬಲಕ್ಕೆ ಇನ್ನೊಂದು ಎತ್ತರದಲ್ಲಿದೆ. ಕ್ಯಾಮೆರಾ ಹೀಗೆ ತೆಗೆಯಲ್ಲ. ಕತ್ತು ಆಡಿಸುತ್ತಾ ನೋಡುವ ಮನುಷ್ಯನಿಗೆ ಹೀಗೆ ಕಾಣುತ್ತೆ.

ಇನ್ನು ಸ್ಟಿಲ್ ಲೈಫ್ ಮೆಟ್ಟಿಲು, ಪೋರ್ಟ್ರೇಟ್ ಮಹಡಿ ಅನ್ನುವ ನಿಮ್ಮ ಲೆಕ್ಕ. ಅದನ್ನು ನಾನು ಒಪ್ಪಲ್ಲ. ಆ ಲೆಕ್ಕ ನಿಮ್ಮದಲ್ಲ, ಫ್ರಾನ್ಸಿನ ಕಲಾ ಬರಹಗಾರ ಫೆಲಿಬಿಯಾನ್‌ದು. 1667ರಲ್ಲಿ ರಾಜರ ಕಲಾ ಅಕಾಡೆಮಿಗಾಗಿ ಅವನು ಶ್ರೇಣಿ ಹಾಕಿಟ್ಟ. ಪುರಾಣ, ಇತಿಹಾಸ ಮೇಲೆ, ಹಣ್ಣು ಹೂವು ಚಿಪ್ಪು ಎಲ್ಲಕ್ಕಿಂತ ಕೆಳಗೆ. ನಮ್ಮ ಸಿಲೆಬಸ್‌ನಲ್ಲಿ ಇವತ್ತಿಗೂ ಅದರ ವಾಸನೆ ಇದೆ ಅಂತ ನನಗನಿಸುತ್ತೆ. ಅದೇ ಅಕಾಡೆಮಿ 1728ರಲ್ಲಿ ಶಾರ್ದಾನ್ ಅನ್ನುವ ಚಿತ್ರಕಾರನನ್ನು ಪ್ರಾಣಿ ಮತ್ತು ಹಣ್ಣು ಬರೆಯುವವನು ಅಂತ ಸೇರಿಸಿಕೊಂಡಿತು. ಅಂದರೆ ಕೊನೆಯ ಬೆಂಚು. ಅವನ ಒಂದು ತಾಮ್ರದ ನೀರಿನ ಪಾತ್ರೆಯ ಚಿತ್ರ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಮರದ ಹಲಗೆಯ ಮೇಲೆ ಬರೆದದ್ದು, ಹೆಚ್ಚುಕಮ್ಮಿ ಎ4 ಹಾಳೆಯಷ್ಟೇ ಅಗಲ. ಆ ತಾಮ್ರ ನೋಡಿದಾಗೆಲ್ಲ ನನಗೆ ಗುಜರಿಗೆ ಹೋದ ಕೊಡಪಾನ ನೆನಪಾಗುತ್ತೆ, ಅದು ಬಿಡಿ. ಅವನದ್ದೇ ಕಾಡು ಸ್ಟ್ರಾಬೆರಿ ಬುಟ್ಟಿಯ ಚಿತ್ರ 1761ರದ್ದು. 2022ರಲ್ಲಿ ಪ್ಯಾರಿಸ್ ಹರಾಜಿನಲ್ಲಿ 2.4 ಕೋಟಿ ಯೂರೋಗೂ ಜಾಸ್ತಿಗೆ ಹೋಯಿತು. ಅದು ದೇಶ ಬಿಟ್ಟು ಹೋಗಬಾರದು ಅಂತ ತಡೆದರು, ಸಾವಿರಾರು ಜನ ಸಾಮಾನ್ಯರು ಚಂದಾ ಹಾಕಿದರು, 2024ರಲ್ಲಿ ಲೂವ್ರ್ ಕೊಂಡುಕೊಂಡಿತು. ಒಂದು ಬುಟ್ಟಿ ಹಣ್ಣು, ಒಂದು ಲೋಟ ನೀರು, ಎರಡು ಬಿಳಿ ಹೂವು. ಇದು ಯಾವ ಮಹಡಿಗೆ ಮೆಟ್ಟಿಲು ಹೇಳಿ?

ನೀವು ಮಾಡಬೇಕಾದ್ದು ಇಷ್ಟು. ಮನೆಯಿಂದ ಒಂದೇ ಒಂದು ಸಾಮಾನು ತನ್ನಿ. ದಿನಾ ಬಳಸುವಂಥದ್ದು, ಮೂಲೆಯಲ್ಲಿ ಸೊಟ್ಟಗಾಗಿದ್ದರೆ ಇನ್ನೂ ಒಳ್ಳೆಯದು. ಪೀತಾಂಬರಿ ಹಾಕಿ ತಿಕ್ಕಬೇಡಿ, ಶುರುವಿಗೆ ಅಷ್ಟು ಹೊಳಪು ಕಷ್ಟ. ಒಂದೇ ಕಿಟಕಿಯ ಬೆಳಕಿಗೆ ಇಡಿ, ಟ್ಯೂಬ್‌ಲೈಟ್ ಆರಿಸಿ. ಬುಡದ ಸುತ್ತ ಪೆನ್ಸಿಲ್ ಗುರುತು ಹಾಕಿ, ರೂಮ್‌ಮೇಟ್ ಅದರಲ್ಲಿ ನೀರು ಕುಡಿದು ಎಲ್ಲೋ ಇಟ್ಟರೂ ವಾಪಸ್ ಜಾಗಕ್ಕೆ ಬರುತ್ತೆ. ಹಣ್ಣು ಬೇಕೇಬೇಕು ಅಂದರೆ ಬಾಳೆಹಣ್ಣು ಬೇಡ, ನೀವು ಎಲಿಪ್ಸ್ (ಪಾತ್ರೆಯ ಬಾಯಿಯ ಮೊಟ್ಟೆಯಾಕಾರ) ಸರಿ ಮಾಡುವಷ್ಟರಲ್ಲಿ ಕಪ್ಪಾಗಿರುತ್ತೆ. ಈರುಳ್ಳಿ, ಶುಂಠಿ ಸಾಕು. ದಿನಾ ಅದೇ ಹೊತ್ತಿಗೆ ಕೂತು, ಬೆಳಕು ಸರಿದ ಕೂಡಲೇ ಎದ್ದುಬಿಡಿ. ಫೋಟೋ ಮಹಾಪಾಪ ಅಂತ ನಾನು ಹೇಳುತ್ತಿಲ್ಲ. ಒಂದು ವಸ್ತುವನ್ನು ಎದುರಿಗೆ ಕೂತು ಬರೆದು ಗೊತ್ತಿರುವವನಿಗೆ ಫೋಟೋ ಎಲ್ಲಿ ಸುಳ್ಳು ಹೇಳುತ್ತೆ ಅಂತ ಗೊತ್ತಾಗುತ್ತೆ. ನಿಮಗೆ ಈಗ ಅದು ಗೊತ್ತಿಲ್ಲ.

ಪೋರ್ಟ್ರೇಟ್ ಬೇಡ ಅಂತಲೂ ಅಲ್ಲ, ಖಂಡಿತ ಬರೀರಿ. ಸೆಜಾನ್ 1899ರಲ್ಲಿ ವೊಲ್ಲಾರ್ ಅನ್ನುವ ಚಿತ್ರ ವ್ಯಾಪಾರಿಯ ಪೋರ್ಟ್ರೇಟ್ ಬರೆದ. ನೂರಕ್ಕೂ ಹೆಚ್ಚು ಸಲ ಕೂರಿಸಿದ್ದನಂತೆ. ವೊಲ್ಲಾರ್ ತೂಕಡಿಸಿ ಅಲ್ಲಾಡಿದಾಗ, ಸೇಬಿನ ಹಾಗೆ ಕೂರಬೇಕು, ಸೇಬು ಅಲ್ಲಾಡುತ್ತಾ ಅಂತ ಬೈದನಂತೆ. ವೊಲ್ಲಾರನೇ ಬರೆದುಕೊಂಡಿದ್ದಾನೆ. ನಿಮಗೆ ಅಷ್ಟು ಸಲ ಕೂರುವ ಫ್ರೆಂಡ್ ಸಿಕ್ಕರೆ ಇವತ್ತೇ ಶುರು ಮಾಡಿ. ಸಿಗದಿದ್ದರೆ ಮಡಕೆ ಇದೆ.

ಸಬ್ಮಿಷನ್ ಡೇಟ್ ಹತ್ತಿರ ಬಂದಿದ್ದರೆ ಅರ್ಧ ಮುಗಿದ ಶೀಟನ್ನೇ ಕೊಡಿ, ನಾಲ್ಕು ಮಾರ್ಕ್ಸ್ ಹೋದರೆ ಹೋಗಲಿ. ಮುಂದಿನ ಸಲಕ್ಕೆ ಕೆಟಲ್ ಬದಲು ಮನೆಯಿಂದ ಏನಾದರೂ ತರಬಹುದಾ ಅಂತ ನಿಮ್ಮ ಸರ್ ಹತ್ರ ಈಗಲೇ ಕೇಳಿಟ್ಟಿರಿ. ಬೇಡ ಅನ್ನಲ್ಲ ಅಂತ ನನ್ನ ಅಂದಾಜು. ಆ ಕೆಟಲ್ ನೋಡಿ ನೋಡಿ ನಿಮಗಿಂತ ಜಾಸ್ತಿ ಸಾಕಾಗಿರುವುದು ಅವರಿಗೇ.