ಹೂ ಬಿಟ್ಟ ಬೀನ್ಸ್ ಕಾಯಿ ಕಟ್ಟಲಿಲ್ಲವೇಕೆ?

ಪ್ರಶ್ನೆ: ಬಾರ್ಬರಾ ಕಿಂಗ್‌ಸಾಲ್ವರ್ ಅವರ ‘ದ ಪಾಯಿಸನ್‌ವುಡ್ ಬೈಬಲ್’ (1998) ಕಾದಂಬರಿಯಲ್ಲಿ, ಪಾದ್ರಿ ನೇಥನ್ ಪ್ರೈಸ್ 1959ರಲ್ಲಿ ಹೆಂಡತಿ, ನಾಲ್ವರು ಹೆಣ್ಣುಮಕ್ಕಳೊಂದಿಗೆ ಅಮೆರಿಕದ ಜಾರ್ಜಿಯಾದಿಂದ ಬೆಲ್ಜಿಯನ್ ಕಾಂಗೋಗೆ ಹೋಗುತ್ತಾನೆ. ಅಲ್ಲಿ ಅವನು ಬಿತ್ತಿದ ಬೀನ್ಸ್, ಕುಂಬಳ ಹುಲುಸಾಗಿ ಬೆಳೆದರೂ ಕಾಯಿ ಕಟ್ಟುವುದಿಲ್ಲ. ಅಲ್ಲಿನ ಕೀಟಗಳಿಗೆ ಈ ಹೂಗಳ ಪರಿಚಯವಿಲ್ಲ ಎಂದು ಅವನು ತೀರ್ಮಾನಿಸುತ್ತಾನೆ. ಇದು ಸರಿಯೇ?

ಉತ್ತರ: ಬೀನ್ಸ್ ಮಟ್ಟಿಗೆ ಸರಿಯಲ್ಲ. ಬೀನ್ಸ್ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಒಟ್ಟಿಗಿರುತ್ತವೆ. ಹೂ ಅರಳುವ ಹೊತ್ತಿಗೇ ಪರಾಗಸ್ಪರ್ಶ ಮುಗಿದಿರುತ್ತದೆ, ಜೇನ್ನೊಣ ಬರಲೇಬೇಕೆಂದಿಲ್ಲ. ಸೆಕೆಯ ಮೇಲೆ ನನಗೆ ಹೆಚ್ಚು ಅನುಮಾನ. ಹಗಲಿನ ತಾಪ 32 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಮಣ್ಣಿನಲ್ಲಿ ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಯಲ್ಲೇ ಕೊಬ್ಬುತ್ತದೆ. ಅಮೆರಿಕ ಮೂಲದ ಈ ಬೆಳೆ ಆಫ್ರಿಕಾಕ್ಕೆ ಶತಮಾನಗಳ ಹಿಂದೆಯೇ ಬಂದದ್ದು. ಪೂರ್ವ ಕಾಂಗೋದ ಕಿವು ಎತ್ತರದ ನಾಡಿನಲ್ಲಿ, ಹವೆ ತಂಪಾಗಿರುವ ಕಡೆ, ಇಂದಿಗೂ ಅದೇ ಜನರ ನಿತ್ಯದ ಕಾಳು. ಕೀಟದ ಕೊರತೆಯೇ ಕಾರಣವಾಗಿದ್ದರೆ ಅಲ್ಲೂ ಬೆಳೆಯಬಾರದಿತ್ತು.

ಕುಂಬಳದ ಲೆಕ್ಕ ಬೇರೆ. ಗಂಡು ಹೂ, ಹೆಣ್ಣು ಹೂ ಬೇರೆಬೇರೆ ಇರುವುದರಿಂದ ಕೀಟ ಬೇಕೇ ಬೇಕು. ಕೀಟ ಸುಳಿಯದಿದ್ದರೆ ಬೆಳಿಗ್ಗೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಕೇಸರವನ್ನು ಹೆಣ್ಣು ಹೂವಿನ ನಡುವಿನ ಅಂಟುಭಾಗಕ್ಕೆ ಮೆಲ್ಲಗೆ ಸವರಬೇಕು. ಬುಡದಲ್ಲಿ ಪುಟ್ಟ ಕಾಯಿಯಿರುವುದೇ ಹೆಣ್ಣು ಹೂ. ಮಧ್ಯಾಹ್ನದ ಹೊತ್ತಿಗೆ ಹೂ ಮುಚ್ಚಿಕೊಳ್ಳುವುದರಿಂದ ತಡಮಾಡುವಂತಿಲ್ಲ. ಇಷ್ಟು ಮಾಡಿದ್ದರೆ ನೇಥನ್‌ಗೆ ನಾಲ್ಕು ಕಾಯಿಯಾದರೂ ಸಿಗುತ್ತಿತ್ತು.

ಇದಕ್ಕೂ ಮೊದಲು ಬರುವ ತರಕಾರಿ ಮಡಿಯ ಪ್ರಸಂಗವನ್ನಂತೂ ಲೇಖಕಿ ಬಲು ಖಚಿತವಾಗಿ ಬರೆದಿದ್ದಾರೆ. ಮನೆಗೆಲಸಕ್ಕೆ ಬರುವ ಮಾಮಾ ತತಾಬಾ ಮಣ್ಣನ್ನು ದಿಬ್ಬದಂತೆ ಏರಿಸುತ್ತಾಳೆ. ನೇಥನ್ ಅದನ್ನು ಮತ್ತೆ ಸಮತಟ್ಟು ಮಾಡುತ್ತಾನೆ. ಮಳೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಜಡಿಮಳೆಯ ನಾಡಿನಲ್ಲಿ ಸಮತಟ್ಟು ಮಡಿಯಲ್ಲಿ ನೀರು ನಿಲ್ಲುತ್ತದೆ, ಬೇರಿಗೆ ಗಾಳಿಯಾಡದೆ ಬೀಜ ಕೊಳೆಯುತ್ತದೆ. ಅರ್ಧ ಅಡಿಯಿಂದ ಒಂದು ಅಡಿ ಏರಿಸಿದರೆ ನೀರು ಇಳಿದುಹೋಗುತ್ತದೆ. ಕೃಷಿ ಗೊತ್ತಿದ್ದವಳು ಅವಳು, ಗೊತ್ತಿಲ್ಲದವನು ಅವನು. ಇಡೀ ಕುಟುಂಬದ ಮುಂದಿನ ಪಾಡು ಆ ಒಂದು ಮಡಿಯಲ್ಲೇ ಕಾಣುತ್ತದೆ.

ಪ್ರಶ್ನೆ: ಕಾದಂಬರಿಯಲ್ಲಿ ಪ್ರೈಸ್ ಕುಟುಂಬ ನೆಲೆಸುವ ಕಿಲಾಂಗಾ ಎಂಬ ಹಳ್ಳಿ ನಿಜವಾಗಿಯೂ ಇದೆಯೇ?

ಉತ್ತರ: ಹಳ್ಳಿ ಕಲ್ಪಿತ, ರಾಜಕೀಯ ನಿಜ. ಕಾಂಗೋ ಸ್ವತಂತ್ರವಾದದ್ದು 1960ರ ಜೂನ್ 30ರಂದು. ಮೊದಲ ಪ್ರಧಾನಿ ಪಾಟ್ರಿಸ್ ಲುಮುಂಬಾ ಅವರ ಹತ್ಯೆಯಾದದ್ದು 1961ರ ಜನವರಿ 17ರಂದು.