ಸಿಬ್ಬಂದಿ ಬಾಯಿ ಬಿಡುವುದಿಲ್ಲ ಎಂದು ಬಂದವರು

"ನಮ್ಮ ಸ್ಟಾಫ್‌ಗೆ ಒಂದು ಮೋಟಿವೇಶನ್ ಕ್ಲಾಸ್ ತಗೊಳ್ಳಿ ಮೇಡಂ" ಎಂದು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವ ಮ್ಯಾನೇಜರ್‌ಗಳು ಹೆಚ್ಚುತ್ತಿದ್ದಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಬಂದವರು ನಡುವಯಸ್ಸಿನ ಅಧಿಕಾರಿ. ನಿದ್ದೆಯಿಲ್ಲ, ಮನೆಯಲ್ಲೂ ಸಿಡಿಮಿಡಿ. ಕೆಲಸದಲ್ಲಿ ತಪ್ಪಾದರೆ ಕೂಡಲೇ ತಿಳಿಸಲಿ ಎಂದು ಫಾರಂ ಮಾಡಿಸಿದ್ದರು, ಸುತ್ತೋಲೆ ಹೊರಡಿಸಿದ್ದರು, ತರಬೇತಿಯೂ ಆಗಿತ್ತು. ಫಾರಂ ಬರಲಿಲ್ಲ, ಗ್ರಾಹಕರ ದೂರುಗಳು ಬಂದವು. "ಬದಲಾವಣೆ ಅಂದ್ರೆ ಇವರಿಗೆ ಆಗೋದೇ ಇಲ್ಲ."

ಆ ಫಾರಂ ತರಲು ಹೇಳಿದೆ. ಮೊದಲ ಕಾಲಂ: 'ತಪ್ಪು ಮಾಡಿದವರ ಹೆಸರು'. ಏನಾಯಿತೆಂದು ಬರೆಯಲು ಕೊನೆಯಲ್ಲಿ ಒಂದೇ ಗೆರೆ.

"ಯಾರೂ ತುಂಬಿಯೇ ಇಲ್ವಾ?"

"ಶುರುವಿನಲ್ಲಿ ಒಬ್ಬ ಹುಡುಗ ತುಂಬಿದ್ದ."

"ಆಮೇಲೆ?"

"ಮೀಟಿಂಗ್‌ನಲ್ಲಿ ಓದಿ ಹೇಳಿದೆ. ಎಲ್ಲರಿಗೂ ಪಾಠ ಆಗಲಿ ಅಂತ." ಫಾರಂ ತಿರುಗಿಸಿ ನೋಡಿದರು. "ಪಾಠ ಆಗಿದೆ, ಅಲ್ವಾ?"

ಆಗಿತ್ತು. ಸುತ್ತೋಲೆ ಏನೇ ಹೇಳಲಿ, ಹೇಳಿದವನಿಗೆ ಏನಾಯಿತು ಎಂಬುದನ್ನು ನೋಡಿಯೇ ಜನ ನಡೆದುಕೊಳ್ಳುವುದು. ಒತ್ತಡ ಹೆಚ್ಚಿಸುವ ಬದಲು ತಡೆಯನ್ನು ತೆಗೆಯಿರಿ, ಇಲ್ಲದಿದ್ದರೆ ಬಿಗುವಷ್ಟೇ ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1940ರ ದಶಕದಲ್ಲೇ ವಾದಿಸಿದ್ದರು. ಇವರು ಮಾಡಿದ್ದೆಲ್ಲ ಒತ್ತಡವೇ. ಇನ್ನೊಂದು ಕ್ಲಾಸ್ ತೆಗೆದುಕೊಂಡಿದ್ದರೆ ನಾನೂ ಅದಕ್ಕೆ ಕೈಜೋಡಿಸಿದಂತಾಗುತ್ತಿತ್ತು.

ಹೆಸರಿನ ಕಾಲಂ ಕಿತ್ತುಹಾಕಿ, ಮೊದಲ ಫಾರಂ ನಿಮ್ಮದೇ ತಪ್ಪಿನದಾಗಿರಲಿ ಎಂದೆ. ಯಾರಾದರೂ ತಪ್ಪು ಹೇಳಿಕೊಂಡು ಬಂದಾಗ 'ಯಾರು?' ಎನ್ನದೆ 'ಹೇಗಾಯ್ತು?' ಎಂದು ಕೇಳಿ. ತಪ್ಪು ಹೇಳಿಕೊಂಡಿದ್ದಕ್ಕೆ ಆ ಹುಡುಗನನ್ನು ಹೊಗಳಿ; ಆ ಹೊಗಳಿಕೆಗೆ ಬೆಲೆ ಬರಬೇಕಾದರೆ ಅದೂ ಮೀಟಿಂಗ್‌ನಲ್ಲೇ, ಎಲ್ಲರೆದುರೇ ಆಗಬೇಕು.

ಸಲಹೆಗಾರರಿಗೆ ಫಾರಂ ತಿದ್ದುವ ಕೆಲಸವೇಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟಿದ್ದೇನೆ. ಆದರೆ ನಿದ್ದೆ ಕೆಡಿಸುವ ಕಾರಣ ಮೇಜಿನ ಮೇಲೇ ಇರುವಾಗ ಉಸಿರನ್ನಷ್ಟೇ ಎಣಿಸುತ್ತ ಕೂರುವುದು ನನಗೊಪ್ಪದು.

ಅಧಿಕಾರಿ ಅಳುಕಿದ್ದು ಬೇರೆ ಕಡೆ: "ತಪ್ಪಿನ ಲೆಕ್ಕ ಏರಿದ್ರೆ ಮೇಲಿನವರು ನನ್ನನ್ನೇ ಹಿಡ್ಕೊಳ್ತಾರಲ್ಲ?" ಹುಡುಗನಿಗಿದ್ದ ಭಯವೇ ಇವರಿಗೂ. ಲೆಕ್ಕ ಏರುವುದು ಖಂಡಿತ ಎಂದೆ. 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಅಲ್ಲಿನವರು ಮುಚ್ಚಿಡುತ್ತಿರಲಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ಇದನ್ನು ಮೇಲಿನವರಿಗೆ ಮುಂಚೆಯೇ ಬರೆದು ತಿಳಿಸಿ ಎಂದೆ.

ಕಾಲಂ ಮರುದಿನವೇ ಹೋಯಿತು. ಪತ್ರ ಇನ್ನೂ ಹೋಗಿಲ್ಲ. ಮುಂದಿನ ಭೇಟಿಯಲ್ಲಿ ಕೂತು ಬರೆಯೋಣ ಎಂದಿದ್ದಾರೆ.